ಅಣ್ಣನ ಅಟ್ಟದಲ್ಲಿ ತಮ್ಮನ ಬೆಣೆ

ಅದು ೧೯೯೫ರ ಬೇಸಿಗೆ. ಪಾಂಡವಪುರದಲ್ಲಿ ನನ್ನದೊಂದು ಹಳೆ ಮರದ ಡಿಪೋ ಇತ್ತು. ಹಳೆ ಮನೆಗಳನ್ನು ನಿಂತ ಹಾಗೇ ಕೊಂಡು, ಹೆಂಚು ಇಳಿಸಿ, ಕಂಬ, ತೊಲೆ, ಬಾಗಿಲು ಬಿಚ್ಚಿ ಮೈಸೂರು, ಬೆಂಗಳೂರಿನವರಿಗೆ ಮಾರುವುದು ನನ್ನ ಕಸುಬು. ಶ್ರೀರಂಗಪಟ್ಟಣದ ಒಂದು ಸಾಮಿಲ್ಲಿನಲ್ಲಿ ಮರದ ಹೊಟ್ಟು ಬಾಚುತ್ತಾ ಬದುಕು ಶುರು ಮಾಡಿದವನು ನಾನು. ಓದು ಕಡಿಮೆ, ಕಣ್ಣು ಚುರುಕು. ಈ ಕಸುಬಿಗೆ ಬರುವ ಹೊಸಬರಿಗೆ ಈಗಲೂ ಎರಡು ಮಾತು ಹೇಳುತ್ತೇನೆ. ಮಾರುವವನ ಎದುರಿಗೆ ಕಂಬವನ್ನು ಸವರಬೇಡಿ, ಸವರಿದರೆ ಬೆಲೆ ಏರುತ್ತದೆ. ಗೆದ್ದಲು ಇದೆಯೋ ಇಲ್ಲವೋ ತಿಳಿಯಬೇಕಾದರೆ ಮುಂಬಾಗಿಲು ನೋಡಬೇಡಿ, ಬಚ್ಚಲ ಕಡೆಯ ಕಂಬದ ಬುಡ ನೋಡಿ.

ಆ ವರ್ಷ ನನ್ನ ಜೊತೆ ವಾಸಂತಿ ಮೇಡಂ ಅಂತ ಒಬ್ಬರು ಓಡಾಡುತ್ತಿದ್ದರು. ಬೆಂಗಳೂರಿನ ಕಾಲೇಜೊಂದರಲ್ಲಿ ಆರ್ಕಿಟೆಕ್ಚರ್ ಪಾಠ ಹೇಳುವವರು. ನಮ್ಮ ಕಡೆಯ ಹಳೆ ಮನೆಗಳು, ಅವನ್ನು ಕಟ್ಟಿದ ಬಡಗಿಗಳು, ಅದರಲ್ಲಿ ಬದುಕಿದ ಜನ, ಇಷ್ಟನ್ನೂ ಸೇರಿಸಿ ಪುಸ್ತಕ ಬರೆಯುತ್ತಿದ್ದರು. ನಾಗಮಂಗಲ, ಕೆ.ಆರ್. ಪೇಟೆ ಕಡೆ ಯಾವ ಊರಲ್ಲಿ ಯಾವ ಮನೆ ಉಳಿದಿದೆ ಅನ್ನುವುದು ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಹಾಗಾಗಿ ನನ್ನ ಟೆಂಪೋದಲ್ಲೇ ಬರುತ್ತಿದ್ದರು. ಅವರಿಗೂ ಹಳೆ ಮನೆ ಬೇಕು, ನನಗೂ ಹಳೆ ಮನೆ ಬೇಕು. ಅವರು ಬರೆದುಕೊಂಡು ಹೋಗುತ್ತಿದ್ದರು, ನಾನು ಬಿಚ್ಚಿಕೊಂಡು ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಸಂತೆಬಾಚಹಳ್ಳಿ ಹತ್ತಿರದ ಹಳ್ಳಿಯಿಂದ ನಂಜೇಗೌಡ ಅನ್ನುವವನು ಡಿಪೋಗೆ ಬಂದ. "ಯಜಮಾನ್ರೇ, ನನ್ ಭಾಗದ ಕಂಬ ತೊಲೆ ಎಲ್ಲಾನೂ ಕೊಟ್ಬುಡ್ತೀನಿ, ಬಂದು ನೋಡಿ" ಅಂದ. ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ಇಡಬೇಕು ಅಂತ ಅವನ ಆಸೆ. ಮಳಿಗೆ ಗೊತ್ತು ಮಾಡಿದ್ದ. ತಿಂಗಳೊಪ್ಪತ್ತಿನಲ್ಲಿ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಅಂತ ಮಳಿಗೆಯವನು ಹೇಳಿಬಿಟ್ಟಿದ್ದ. ಮಾರುವವನಿಗೆ ಅವಸರ ಇದ್ದರೆ ಕೊಳ್ಳುವವನು ನಿಧಾನ ಮಾಡಬೇಕು. ನಾನು ಟೀ ತರಿಸಿದೆ.

ಹೋಗಿ ನೋಡಿದರೆ ಒಳ್ಳೆ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬದ ಜಗುಲಿ, ನಾಲ್ಕೂ ಕಡೆಯಿಂದ ಒಳಕ್ಕೆ ಇಳಿಯುವ ಹೆಂಚು. ಆದರೆ ತೊಟ್ಟಿಯ ನಟ್ಟನಡುವೆ, ಮುಂದಿನಿಂದ ಹಿಂದಿನವರೆಗೆ, ಒಂದು ಮಣ್ಣಿನ ಗೋಡೆ. ಎಡಕ್ಕೆ ಅಣ್ಣ ತಿಮ್ಮೇಗೌಡ, ಬಲಕ್ಕೆ ತಮ್ಮ ನಂಜೇಗೌಡ. ಗೋಡೆ ಎದ್ದ ದಿನದಿಂದ ಇಬ್ಬರಿಗೂ ಮಾತಿಲ್ಲ. ನಮ್ಮ ಕಡೆ ಮನೆ ಪಾಲು ಮಾಡುವುದು ಅಂಕಣದ ಲೆಕ್ಕದಲ್ಲಿ. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಊರ ಹಿರಿಯರು ಅಂಗಳದಲ್ಲಿ ನಿಂತು ಅಂಕಣ ಎಣಿಸಿ, ಒಂದು ಗೇಣೂ ಹೆಚ್ಚುಕಮ್ಮಿ ಆಗದ ಹಾಗೆ ಅರ್ಧ ಮಾಡಿಕೊಟ್ಟಿದ್ದರು. ನೆಲ ನೋಡಿದ್ದರು, ಯಾರೂ ತಲೆ ಎತ್ತಿ ಸೂರು ನೋಡಿರಲಿಲ್ಲ.

ಬೆಲೆ ಕುದುರಿತು. ನನ್ನ ಆಳುಗಳು ತಮ್ಮನ ಭಾಗದ ಮುಂಗಡೆ ಹೆಂಚು ಇಳಿಸಿದರು. ಕಂಬದ ಮೇಲೆ ಅಡ್ಡ ಮಲಗಿದ್ದ ದೊಡ್ಡ ತೊಲೆಯನ್ನು ಎತ್ತಲು ಹೋದರೆ ಅದು ಅಲುಗಲಿಲ್ಲ. ಸನ್ನೆಕೋಲು ಕೊಟ್ಟು ಮೀಟಿದರೂ ಇಲ್ಲ. ಮೇಡಂ ಟಾರ್ಚು ಹಿಡಿದು ಅಟ್ಟ ಹತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದಲೇ ಪಿಸುಮಾತಿನಲ್ಲಿ ಕರೆದರು, ಮಲಗಿದ ಮಗು ಎಚ್ಚರಾದೀತು ಅನ್ನುವ ಹಾಗೆ. "ಇಲ್ಲಿ ಬನ್ನಿ. ನೀವು ಇದನ್ನು ನೋಡಲೇಬೇಕು."

ನೂರಾರು ಮನೆ ಬಿಚ್ಚಿದವನು ನಾನು, ಅಂಥ ಕೂಡಿಕೆ ನೋಡಿರಲಿಲ್ಲ. ತಮ್ಮನ ತೊಲೆಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಅಣ್ಣನ ತೊಲೆಯ ತುದಿಯ ತೂತಿನೊಳಗೆ ನುಗ್ಗಿಸಿ, ಆಚೆ ಬದಿಗೆ ಬಂದ ನಾಲಿಗೆಗೆ ಒಂದು ಮರದ ಬೆಣೆ ಬಡಿದಿದ್ದರು. ಅಟ್ಟಗಳ ನಡುವಿನ ಬಿದಿರಿನ ತಡಿಕೆಯೊಳಗಿಂದ ಟಾರ್ಚು ಬಿಟ್ಟರೆ ಅದು ಕಾಣುತ್ತಿತ್ತು. ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ. ಕೂಡಿಕೆಯ ಸಂದಿಯಲ್ಲಿ ನನ್ನ ಚಾಕುವಿನ ಅಲಗು ತೂರಲಿಲ್ಲ. ಎರಡು ಮರ ಸೇರಿಸಿದ ಹಾಗಿರಲಿಲ್ಲ, ಮರವೇ ಹಾಗೆ ಬೆಳೆದಂತಿತ್ತು. ಆ ಬೆಣೆಯನ್ನು ಹೊರಕ್ಕೆ ಬಡಿಯಲು ಆಗುವುದು ಒಂದೇ ಕಡೆಯಿಂದ, ಗೋಡೆಯಾಚೆ, ಅಣ್ಣನ ಅಟ್ಟದಿಂದ.

ಮೇಡಂ ತೆವಳಿಕೊಂಡು ಹಿಂಗಡೆಯ ತೊಲೆಗೂ ಹೋದರು. ಅಲ್ಲೂ ಅದೇ ಕೂಡಿಕೆ, ಆದರೆ ತಿರುಗುಮುರುಗು. ಅಣ್ಣನ ತೊಲೆಯ ನಾಲಿಗೆ ಈಚೆಗೆ ಬಂದಿತ್ತು, ಅದರ ಬೆಣೆ ತಮ್ಮನ ಅಟ್ಟದಲ್ಲಿತ್ತು. ಅಂದರೆ ಅಣ್ಣನ ಗಂಟು ತಮ್ಮನ ಕೈಯಲ್ಲಿ, ತಮ್ಮನ ಗಂಟು ಅಣ್ಣನ ಕೈಯಲ್ಲಿ.

ಆಳು ಗರಗಸ ತಂದ. ಬೇರೆ ದಿನವಾಗಿದ್ದರೆ ಕೊಯ್ಯಿ ಅನ್ನುತ್ತಿದ್ದೆ. ಮೇಡಂ ಕೇಳಿದರು, "ಕೊಯ್ದರೆ ಆ ಕಡೆಯ ಸೂರು ನಿಲ್ಲುತ್ತದೆಯೇ?" ನಿಲ್ಲುವುದಿಲ್ಲ ಅಂತ ನನಗೂ ಗೊತ್ತಿತ್ತು. ಅಣ್ಣನ ಅರ್ಧ ಈ ಅರ್ಧಕ್ಕೆ ಒರಗಿಕೊಂಡೇ ನಿಂತಿತ್ತು, ಅದರ ಕೆಳಗೆ ಜನ ಮಲಗುತ್ತಿದ್ದರು. ಆ ಕಡೆಯ ಸೂರಿಗೆ ಆನಿಕೆಯ ಕಂಬ ಕೊಟ್ಟು ಬೆಣೆ ಬಿಚ್ಚಿಸೋಣ ಅಂತ ಗರಗಸ ಇಳಿಸಿ ಅಣ್ಣನ ಬಾಗಿಲಿಗೆ ಹೋದೆ.

ತಿಮ್ಮೇಗೌಡರು ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದರು. "ಮನೆ ಮುರಿಯೋನು ನೀನೇಯೇನಪ್ಪ? ಬಾ, ಕುಂತ್ಕೊ. ಕಂಬ ಮಾತ್ರ ಅಳೀಬ್ಯಾಡ."

"ಗೌಡ್ರೇ, ನಿಮ್ ಅಟ್ಟದಾಗೆ ನಿಮ್ ತಮ್ಮುಂದು ಒಂದು ಬೆಣೆ ಐತೆ. ಅದನ್ನ ಬಡಿಯಕ್ಕೆ ನಮ್ಮೋರ್ನ ಬುಡ್ಬೇಕು."

"ನನ್ ಅಟ್ಟದಾಗೆ ಅವುಂದೇನೈತಪ್ಪ? ಪಾಲಾದಾಗ ಸೂಜಿ ಸೈತ ಬುಡ್ದೆ ತಕ್ಕೊಂಡೋದ."

ಅವರ ಹೆಂಡತಿ ನಿಂಗಮ್ಮ ಒಳಗಿನಿಂದ, "ಇಲ್ಲಿ ಕುಂತು ಬಾಯಿ ಮಾಡೋ ಬದ್ಲು ಅತ್ತಿ ನೋಡಬಾರ್ದಾ? ಇದ್ರೆ ಅದೆ, ಇಲ್ದಿದ್ರೆ ಇಲ್ಲ" ಅಂದರು.

ನನ್ನ ಮಾತು ಸುಳ್ಳು ಮಾಡುವುದಕ್ಕೇ ಗೌಡರು ಏಣಿ ಹತ್ತಿದರು. ಹಿಂದೆ ನಾನು, ನನ್ನ ಕೈಯಲ್ಲಿ ಬೆಣೆ ಬಡಿಯುವ ಕೊಡತಿ. ಬೆಣೆಯ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿ, ಬಗ್ಗಿ ನೋಡಿದರು. ನಂಜೇಗೌಡನ ತೊಲೆ ತಮ್ಮ ಸೂರಿನೊಳಗೆ ಬಂದು ಕೂತಿರುವುದನ್ನು ಕೈಯಿಂದ ಸವರಿದರು. ಗೋಡೆ ತೊಲೆಯವರೆಗೆ ಮಾತ್ರ ಇತ್ತು. ಅದರ ಮೇಲೆ ಎರಡು ಅಟ್ಟದ ನಡುವೆ ಆ ಬಿದಿರಿನ ತಡಿಕೆಯೊಂದೇ. ಅದರ ಸಂದಿಯಲ್ಲಿ ಆಚೆ ಕೂತಿದ್ದ ನಂಜೇಗೌಡ ಕಾಣುತ್ತಿದ್ದ. ಗೌಡರು ನನ್ನ ಕೈಯಿಂದ ಕೊಡತಿ ತೆಗೆದುಕೊಂಡರು.

"ಲೇ ನಂಜ, ಬಡೀಲೇನ್ಲಾ?"

ನಂಜೇಗೌಡ ತನ್ನ ಅಟ್ಟದ ಹಿಂಗಡೆಯ ತೊಲೆಯ ಕಡೆ ತಿರುಗಿ ನೋಡಿದ.

"ಕೇಳ್ತಾ ಇರೋದು. ಬಡ್ದ್ರೆ ನಿಂದು ನಿಂಗೆ ಬತ್ತದೆ. ಬಡೀಲಾ?"

"ಇಂದ್ಗಡೆ ನಿಂದೂ ಒಂದು ನನ್ ತಾವ ಅದೆ ಕಣಣ್ಣ" ಅಂದ ನಂಜೇಗೌಡ. "ನೀ ಬಡ್ದ್ರೆ ನಾನೂ ಬಡೀಬೇಕಾಯ್ತದೆ."

ಎಷ್ಟೋ ವರ್ಷದ ಮೇಲೆ ಅಣ್ಣ ಅನ್ನುವ ಶಬ್ದ ಆ ಮನೆಯಲ್ಲಿ ಕೇಳಿತು. ಗೌಡರು ಕೊಡತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಮೇಲೆ, "ಓಟ್ಲು ಇಡ್ತೀಯಂತೆ. ಮುದ್ದೆ ತೊಳಸಕ್ಕೆ ಬತ್ತದೇನ್ಲಾ ನಿಂಗೆ?" ಅಂದರು. "ನನ್ ಎಂಡ್ತಿಗೆ ಬತ್ತದೆ ಬುಡು" ಅಂದ ತಮ್ಮ. ಕೆಳಗೆ ನಿಂಗಮ್ಮ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ವ್ಯಾಪಾರ ಮುರಿಯಿತು ಅಂತ ನನಗೆ ಗೊತ್ತಾಯಿತು. ಮುರಿದ ವ್ಯಾಪಾರದಿಂದ ಬರಿಗೈಯಲ್ಲಿ ಏಳಬಾರದು, ಇದು ನನ್ನ ಮೂರನೇ ಮಾತು. ಬರುವಾಗಲೇ ಗೌಡರ ತೋಟದ ಬದುವಿನಲ್ಲಿ ಎರಡು ಮುದಿ ಹಲಸಿನ ಮರ ಕಣ್ಣಿಗೆ ಬಿದ್ದಿದ್ದವು. ಕಾಯಿ ಬಿಡುವುದು ನಿಂತಿತ್ತು, ಕಾಂಡ ಒಳ್ಳೆ ದಪ್ಪ. ಅಟ್ಟದ ಮೇಲೆ ಕೂತೇ ಹೇಳಿದೆ: "ಗೌಡ್ರೇ, ನಿಮ್ ತೋಟದ ಆ ಎಲ್ಡು ಅಲಸಿನ್ ಮರ ತಮ್ಮುನ್ಗೆ ಬುಟ್ಕೊಡಿ. ನಾನು ಅವನ ತಾವ ತಕ್ಕೋತೀನಿ. ಅವನ ಓಟ್ಲು ಆಯ್ತದೆ, ನಿಮ್ ಸೂರು ಉಳೀತದೆ." ಗೌಡರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮರಾನೂ ಆಗ್ಲೇ ಅಳ್ದಿದ್ದೀಯೇನಪ್ಪ?" ಅಂದರು. ಆದರೆ ಒಪ್ಪಿದರು. ಇಳಿಸಿದ ಹೆಂಚನ್ನು ನನ್ನ ಆಳುಗಳೇ ಮತ್ತೆ ಹೊದಿಸಿದರು, ಕೂಲಿ ನನ್ನ ತಲೆಯ ಮೇಲೆ.

ವಾಪಸು ಬರುವಾಗ ಮೇಡಂರನ್ನು ಕೇಳಿದೆ, "ಆ ಬಡಗಿ ಬೇಕು ಅಂತಲೇ ಹಾಗೆ ಮಾಡಿದ್ನಾ?" ಅವರು ಹೇಳಿದರು, "ಭಾರ ಎರಡೂ ಕಡೆಗೆ ಸಮ ಹಂಚಲು ಹಾಗೆ ಮಾಡಿರಬಹುದು. ಅವನ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ." ಪುಸ್ತಕ ಬಂದಾಗ ನನಗೂ ಒಂದು ಪ್ರತಿ ಕಳಿಸಿದರು. ಆ ಕೂಡಿಕೆಗೆ ಒಂದು ಇಡೀ ಪುಟ ಕೊಟ್ಟಿದ್ದಾರೆ, ಬಡಗಿಯ ಹೆಸರು ತಿಳಿಯದು ಅಂತ ಕೆಳಗೆ ಬರೆದಿದ್ದಾರೆ. ಇವತ್ತಿಗೂ ಆ ಪುಟ ತೆಗೆದರೆ, ಹೆಸರೂ ಬಿಡದೆ ಹೋದ ಆ ಕೈಗೆ ನನ್ನ ಕೈ ತಾನಾಗಿ ಮುಗಿಯುತ್ತದೆ.

ಅವತ್ತಿನಿಂದ ನಾನು ಅಟ್ಟ ಹತ್ತದೆ ಯಾವ ಮನೆಗೂ ಬೆಲೆ ಹೇಳಲಿಲ್ಲ. ನಿಮಗೂ ಅದೇ ಹೇಳುತ್ತೇನೆ. ಮನೆಯಾಗಲಿ, ಅಂಗಡಿಯಾಗಲಿ, ಪಾಲುದಾರಿಕೆಯಾಗಲಿ, ಬಿಡಿಸಿಕೊಳ್ಳುವ ಮುಂಚೆ ಅದರ ಬೆಣೆ ಯಾರ ಕಡೆ ಇದೆ ನೋಡಿಕೊಳ್ಳಿ.

ತೊಟ್ಟಿಯ ಗೋಡೆ ಬೀಳಲಿಲ್ಲ. ಅಷ್ಟು ಬೇಗ ಬೀಳುವ ಗೋಡೆ ಅದಲ್ಲ. ಆದರೆ ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ಶುರುವಾದ ಮೇಲೆ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ನನ್ನ ಡಿಪೋಗೆ ಬಂದರು. ಗೋಡೆಯಲ್ಲಿ ಇಡಲು ಒಂದು ಬಾಗಿಲು ಬೇಕಿತ್ತು. ಹೊನ್ನೆ ಮರದ್ದು ಒಂದನ್ನು ತೋರಿಸಿದೆ. ಇಬ್ಬರೂ ಸೇರಿ ನನ್ನನ್ನು ಹಿಂಡಿ ಹಿಪ್ಪೆ ಮಾಡಿದರು. ಕೊನೆಗೆ ಕೇಳಿದೆ, "ಚಿಲ್ಕ ಯಾವ್ ಕಡೀಕೆ ಹಾಕ್ಸ್ಲಿ?"

ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದ.

"ಚಿಲ್ಕ ಬ್ಯಾಡ ಬುಡಿ" ಅಂದರು ತಿಮ್ಮೇಗೌಡರು. "ಅದರ ದುಡ್ಡು ಕಳ್ದು ಹೇಳಿ."

ಕಳೆದೇ ಹೇಳಿದೆ.