ಚೊಚ್ಚಲ ಹೆರಿಗೆ ಮತ್ತು ಕ್ರಿಸ್‌ಮಸ್ ಲೆಕ್ಕ

“ಡಾಕ್ಟರ್ ಕೊಟ್ಟ ಡೇಟು ನಿನ್ನೆಗೇ ಮುಗಿದೋಯ್ತು, ಇನ್ನೂ ನೋವೇ ಬಂದಿಲ್ಲ!” ಎಂದು ಚೊಚ್ಚಲ ಹೆರಿಗೆಗೆ ಬಂದಿದ್ದ ನನ್ನ ಮಗಳು ಅಳುತ್ತಿರುವಾಗಲೇ ಪಕ್ಕದ ಮನೆಯ ಮೇರಿಯಕ್ಕ ಕ್ರಿಸ್‌ಮಸ್ ಕೇಕು ಹಿಡಿದು ಒಳಗೆ ಬಂದರು. ಎಲ್ಲ ಸರಿಯಿದೆ, ಕಾಯೋಣ ಎಂದು ಡಾಕ್ಟರ್ ಹೇಳಿದ್ದರೂ ಅವಳಿಗೆ ಸಮಾಧಾನವಿರಲಿಲ್ಲ.

“ಡೇಟು ಅಂದ್ರೆ ಲೆಕ್ಕ ಅಷ್ಟೇ ಕಣಮ್ಮ. ನಮ್ಮ ಯೇಸು ಹುಟ್ಟಿದ ದಿನಾನೇ ಬೈಬಲ್‌ನಲ್ಲಿಲ್ಲ. ತಾಯಿ ಬಸುರಾಗಿದ್ದು ಮಾರ್ಚ್ ಇಪ್ಪತ್ತೈದು ಅಂತಿಟ್ಕೊಂಡು, ಹಿಂದಿನೋರು ಒಂಬತ್ತು ತಿಂಗಳು ಎಣಿಸಿ ಡಿಸೆಂಬರ್ ಇಪ್ಪತ್ತೈದು ಅಂದ್ರು ಅಂತಾರೆ” ಎಂದರು ಮೇರಿಯಕ್ಕ.

ಮೂಲೆಯಲ್ಲಿ ಅವರೆಕಾಳು ಹಿಚುಕುತ್ತಿದ್ದ ನಮ್ಮತ್ತೆ ಕೈ ನಿಲ್ಲಿಸಿದರು. “ಆಯಮ್ಮಂಗೆ ಚೊಚ್ಚಲು ತಾನೇ?”

“ಹೂಂ ಅಮ್ಮ.”

“ಹಂಗಾದ್ರೆ ಲೆಕ್ಕ ತಪ್ಪೈತೆ ಬಿಡು. ಚೊಚ್ಚಲು ಯಾವತ್ತು ಹೇಳಿದ್ ದಿನಕ್ಕೆ ಬಂದೈತೆ? ಹಬ್ಬಾನ ಒಂದು ವಾರ ಮುಂದಕ್ ಹಾಕ್ಕಳ್ಳಿ!”

ಮೇರಿಯಕ್ಕ ನಕ್ಕ ರಭಸಕ್ಕೆ ಕೈಲಿದ್ದ ಕೇಕಿನ ತಟ್ಟೆ ಅಲ್ಲಾಡಿತು. ಮಗಳು ಅಳು ಮರೆತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಡವಾದರೂ ಮೊಮ್ಮಗಳು ಸುಖವಾಗಿ ಹುಟ್ಟಿದಳು. ನೋಡಲು ಬಂದ ಮೇರಿಯಕ್ಕನ ಮಡಿಲಿಗೆ ಕೂಸನ್ನಿಟ್ಟ ಅತ್ತೆ, “ನಿಮ್ ದೇವ್ರೂ ಹಿಂಗೇ ನಿಧಾನಕ್ ಬಂದಿರ್ತಾನೆ” ಎಂದರು. ಮೇರಿಯಕ್ಕ ವಾದಕ್ಕಿಳಿಯದೆ “ಆಮೆನ್” ಅಂದುಬಿಟ್ಟರು.