ಮುಳ್ಳುಬೇಲಿಯೊಳಗಿನ ಸಿದ್ದಕ್ಕ

ರಾಮಗಿರಿ ಗುಡ್ಡದ ಆಚೆಯ ಹಳ್ಳಿಯೊಂದರ ಕುರುಬರ ಕೇರಿಗೆ ಸೊಸೆಯಾಗಿ ಬಂದವಳು ಸಿದ್ದಕ್ಕ. ಜರ್ಮನಿ ಯುದ್ಧ ಮುಗಿಯುತ್ತಾ ಬಂದಿದ್ದ ವರ್ಷ, ಗಂಡ ಚಿತ್ರಲಿಂಗಪ್ಪ ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋಗಿದ್ದಾಗ ದೇಶವನ್ನೆಲ್ಲ ನುಂಗುತ್ತಿದ್ದ ಇನ್‌ಫ್ಲುಯೆಂಜಾ ಜ್ವರ ಊರಿಗೂ ಕಾಲಿಟ್ಟಿತು. ಬೆಳಿಗ್ಗೆ ಕೆಮ್ಮಿದವರು ಸಂಜೆಗೆ ಹಾಸಿಗೆ ಹಿಡಿಯುತ್ತಿದ್ದರು.

ಅತ್ತೆ ಓಬಮ್ಮನೂ ಮಲಗಿದಳು. ಹಾಲು ಕುಡಿಯುವ ಮಗಳಿಗೆ ತಗಲದಿರಲೆಂದು ಅವಳನ್ನು ಎತ್ತಿಕೊಂಡು ಊರ ಆ ತುದಿಯ ನಾದಿನಿಯ ಮನೆಗೆ ಬಂದಿದ್ದ ಸಿದ್ದಕ್ಕ, ಕೂಸನ್ನು ಅಲ್ಲೇ ಬಿಟ್ಟು ಅತ್ತೆಗೆ ಗಂಜಿ ಕುಡಿಸಿ ಬರಲು ಕೇರಿಗೆ ಹೋದಳು. ತಿರುಗಿ ಹೊರಡುವಷ್ಟರಲ್ಲಿ ಕೇರಿಯ ಬಾಯಿಗೆ ಜಾಲಿಮುಳ್ಳಿನ ಬೇಲಿ ಬಿದ್ದಿತ್ತು.

"ಗೌಡ್ರೇ, ಕೂಸು ಹಾಲಿಗೆ ಅಳ್ತೈತೆ, ದಾರಿ ಬಿಡ್ರಿ" ಎಂದು ಬೇಡಿದಳು.

ಬೇಲಿಯಾಚೆ ನಿಂತಿದ್ದ ಗೌಡ ತಿಪ್ಪೇರುದ್ರಪ್ಪ ಮುಖ ತಿರುಗಿಸಿದ. "ಒಳಗೆ ಹೋದೋರು ಒಳಗೇ ಇರ್ಬೇಕವ್ವಾ. ಊರು ಉಳೀಬೇಕಲ್ಲ."

ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು. ಗೋಡೆಯ ಬುಡಕ್ಕೆ ಹಿಂಡಿ ಅತ್ತಳು. ಅತ್ತು ತಲೆ ಎತ್ತಿದಾಗ ಕೇರಿಯಲ್ಲಿ ನೆಟ್ಟಗೆ ನಿಂತವಳು ತಾನೊಬ್ಬಳೇ ಎಂಬುದು ಕಂಡಿತು. ಹೊಳಲ್ಕೆರೆಯ ಡಾಕ್ಟರು ಡಂಗುರ ಹೊಡೆಸಿ ಸಾರಿಸಿದ್ದು ನೆನಪಿತ್ತು: ಕಾಯಿಸಿದ ನೀರು, ತೆಳು ಗಂಜಿ, ಗಾಳಿಯಾಡುವ ಜಾಗ, ಒಬ್ಬರ ಬಟ್ಟಲು ಇನ್ನೊಬ್ಬರಿಗೆ ಕೂಡದು. ಮಲಗಿದವರನ್ನು ಕತ್ತಲೆ ಕೋಣೆಗಳಿಂದ ಜಗುಲಿಗೆ ಎಳೆದು ತಂದು ಕಂಬಳಿ ಹೊದಿಸಿದಳು. ಮೂಗು ಬಾಯಿಗೆ ಸೆರಗು ಬಿಗಿದು ಮನೆಮನೆಗೆ ಗಂಜಿ ಹೊತ್ತಳು. ಆದರೂ ಹೆಣ ಬಿದ್ದವು. ಹೊರುವವರಿಲ್ಲದೆ ಹಿತ್ತಲಲ್ಲೇ ಗುಂಡಿ ತೋಡಬೇಕಾಯಿತು.

ಸುದ್ದಿ ತಿಳಿದು ಚಿತ್ರಲಿಂಗಪ್ಪ ಓಡಿ ಬಂದ. ನಾದಿನಿಯ ಮನೆಯಿಂದ ಎತ್ತಿಕೊಂಡು ತಂದ ಕೂಸು ಹೆಗಲ ಮೇಲಿತ್ತು. ಇನ್ನೊಂದು ಕೈಯಲ್ಲಿ ಕೊಡಲಿ ಬೀಸಿ ಬೇಲಿಯಲ್ಲಿ ಕಂಡಿ ಮಾಡಿದ. "ಬಾರೇ, ಹೋಗಾಣ."

ಸಿದ್ದಕ್ಕನ ಕಾಲು ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಬೆಳಗಿನಿಂದ ಮೈ ಸುಡುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಹತ್ರ ಬರಬ್ಯಾಡ್ರಿ! ನಂಗೂ ಬಂದೈತೆ. ಕೂಸಿಗೆ ಆಡಿನ ಹಾಲು ಕಾಯ್ಸಿ ಕುಡಿಸ್ರಿ" ಎಂದು ಕೂಗಿ, ಕಡಿದ ಮುಳ್ಳನ್ನು ಬರಿಗೈಯಲ್ಲಿ ಎಳೆದು ಕಂಡಿಯನ್ನು ತಾನೇ ಮುಚ್ಚಿದಳು.

ಅಷ್ಟು ಹೊತ್ತಿಗೆ ಚೇತರಿಸಿಕೊಂಡಿದ್ದ ಓಬಮ್ಮ ಸೊಸೆಗೆ ಗಂಜಿ ಕುಡಿಸಿ ಉಳಿಸಿಕೊಂಡಳು. ಬೇಲಿ ತೆಗೆದ ದಿನ ಮಗಳು ಅವ್ವನ ಗುರುತು ಹಿಡಿಯದೆ ಅಪ್ಪನ ಕೊರಳಿಗೆ ಆತುಕೊಂಡಳು. ಸಿದ್ದಕ್ಕ ಕಿತ್ತುಕೊಳ್ಳಲಿಲ್ಲ. ಅಲ್ಲೇ ಮಣ್ಣಲ್ಲಿ ಕುಳಿತು, ಕೂಸು ತಾನಾಗಿಯೇ ಬರುವ ತನಕ ಕಾದಳು.

ಮುಂದೆ ಯಾರ ಮನೆಯಲ್ಲಿ ಜ್ವರವೆಂದರೂ ಕರೆಯದೆಯೇ ಹೋಗುತ್ತಿದ್ದಳು. ಹೋದವಳು, ಹಿಂದಿನಿಂದ ಮತ್ತೆ ದಾರಿ ಮುಚ್ಚೀತೆಂಬಂತೆ, ಬಾಗಿಲಿಗೆ ಬೆನ್ನು ಮಾಡಿ ಮಾತ್ರ ಕೂರುತ್ತಿರಲಿಲ್ಲ.