ಮಂಚದ ಅಂಚಿನಲ್ಲಿ ಅತ್ತೆ

ಲಕ್ವಾ ಹೊಡೆದ ಮೇಲೂ ನಮ್ಮ ಅತ್ತೆ ನೀಲವ್ವನ ಬಲಗೈಯಲ್ಲಿ ಕಸುವು ಉಳಿದಿತ್ತು. ಆ ಕೈ ನನ್ನ ಸೆರಗು ಹಿಡಿದರೆ ಬಿಡಿಸಲು ಆಗುತ್ತಿರಲಿಲ್ಲ. ನಮ್ಮೂರು ಇಜೇರಿಯಲ್ಲಿ ಹಾಯುವ ಎತ್ತನ್ನೂ ಬೈದೇ ಕೊಟ್ಟಿಗೆಗೆ ಅಟ್ಟುತ್ತಿದ್ದ ಹೆಂಗಸು ಆಕೆ. ಮಂಚ ಹಿಡಿದ ಮೇಲೆ ಆಕೆ ಅಂಜುತ್ತಿದ್ದದ್ದು ಚಾದರ ಬದಲಿಸುವುದಕ್ಕೆ.

ಎಬ್ಬಿಸುವಂತಿರಲಿಲ್ಲ, ಮಲಗಿದಲ್ಲೇ ಬದಲಿಸಬೇಕು. ಸೋತ ಎಡಗೈಯನ್ನು ಎದೆಯ ಮೇಲಿಟ್ಟು, ಹೆಗಲಿಗೊಂದು ಕೈ ಸೊಂಟಕ್ಕೊಂದು ಕೈ ಕೊಟ್ಟು ನನ್ನ ಕಡೆ ಹೊರಳಿಸಿ ಹಿಡಿದುಕೊಳ್ಳುತ್ತಿದ್ದೆ. ಆಚೆ ಬದಿಯಿಂದ ನನ್ನ ಗಂಡ ಹಳೆಯ ಚಾದರವನ್ನು ಆಕೆಯ ಬೆನ್ನಿನವರೆಗೆ ಸುರುಳಿ ಸುತ್ತಿ, ತೊಳೆದದ್ದನ್ನು ಹಾಸುತ್ತಿದ್ದರು. ಆಮೇಲೆ ಆ ಸುರುಳಿ ದಾಟಿಸಿ ಅವರ ಕಡೆ ಹೊರಳಿಸಬೇಕು.

ಮಂಚದ ಅಂಚು ಕಂಡ ಕೂಡಲೇ ಆಕೆ ಚೀರುತ್ತಿದ್ದಳು. “ಏ ಬೇ, ಕೆಳಗ ಇಳಸಾಕತ್ತೀರೇನು? ನನಗ ಇನ್ನಾ ಜೀವ ಅದ!”

ನಮ್ಮಲ್ಲಿ ಜೀವ ಹೋಗುವ ಹೊತ್ತಿಗೆ ಮನುಷ್ಯರನ್ನು ಮಂಚದಿಂದ ನೆಲಕ್ಕೆ ಇಳಿಸುತ್ತಾರೆ. ಮಾವನನ್ನು ಹಾಗೆ ಇಳಿಸುವಾಗ ಅವರು ಕಣ್ಣು ತೆರೆದು ಆಕೆಯನ್ನೇ ನೋಡಿದ್ದರಂತೆ.

“ಚಾದರ ಬದಲಿ ಮಾಡಾಕತ್ತೇವ್ರಿ ಅತ್ತಿ. ನಾ ಹಿಡದೇನಿ.”

“ನೀ ಹಿಡದೀ ಖರೆ. ಅಂವಾ ದೂಡಿದ್ರ?”

“ಯವ್ವಾ, ನಾ ನಿನ್ನ ಮಗ!”

“ಅದಕ್ಕೇ ಅಂಜಿಕಿ. ಇಳಸೋರು ಮಕ್ಕಳೇ ಇರ್ತಾರಲೇ.”

ಹಸನಾದ ಬಟ್ಟೆಗೆ ಬೆನ್ನು ತಾಗಿದ ಮೇಲೆ ಮಾತ್ರ ನಗು. “ದಿಬ್ಬ ದಾಟಿದ್ನಲ್ಲ ಬೇ. ಈಗ ಚಾ ತಾ.”

ಒಂದು ಸಂಜೆ ನನ್ನ ಕೈ ಹಿಡಿದು, “ನನ್ನ ಇಳಸಗೊಡಬ್ಯಾಡ” ಅಂದಳು. “ಇಳಸಗೊಡಂಗಿಲ್ರಿ” ಅಂದೆ. ಅಂದಿನಿಂದ ಅಂಜಿಕೆ ನನಗೂ ಹತ್ತಿತು. ಹಿರಿಯರ ಎದುರು ಬಾಯಿ ತೆರೆದವಳಲ್ಲ ನಾನು.

ಹೋದ ವರ್ಷ ಒಂದು ಮುಂಜಾನೆ ನನ್ನ ಕಡೆ ಹೊರಳಿಸಿದಾಗ ಆಕೆ ಚೀರಲಿಲ್ಲ. ಉಸಿರು ತಡೆತಡೆದು ಬರುತ್ತಿತ್ತು. ಪಡಸಾಲೆಯಲ್ಲಿ ಕೂತಿದ್ದ ಗಂಡನ ಕಾಕಾ ಒಳಗೆ ಬಂದು ನೋಡಿದರು. “ಹೊತ್ತ ಬಂದದ. ಕೆಳಗ ತಗೋರಿ.”

ಗಂಡ ತಾಯಿಯ ಕಂಕುಳಿಗೆ ಕೈ ಹಾಕಿದರು. ಆಕೆಯ ಕಣ್ಣು ತೆರೆದೇ ಇದ್ದವು.

“ಇಳಸಬ್ಯಾಡ್ರಿ,” ಅಂದೆ. “ಚಾದರ ಅರ್ಧ ಆಗ್ಯಾದ.”

“ತಲಿ ಕೆಟ್ಟದೇನ್ ಬೇ? ಮಂಚದ ಮ್ಯಾಲ ಜೀವ ಬಿಡಸ್ತೀ?” ಕಾಕಾ ಗದರಿದರು.

ಗಂಡನ ಮುಖ ನೋಡಿದೆ. ಅವರು ಕಂಕುಳಿನಿಂದ ಕೈ ತೆಗೆದು, ಹೆಗಲಿಗೊಂದು, ಸೊಂಟಕ್ಕೊಂದು ಇಟ್ಟು, ತಾಯಿಯನ್ನು ಮೆಲ್ಲಗೆ ತಮ್ಮ ಕಡೆ ಹೊರಳಿಸಿಕೊಂಡರು. ನಾನು ಹಳೆಯದನ್ನು ಎಳೆದು, ತೊಳೆದದ್ದನ್ನು ಬಿಗಿದೆ.

ಬೆನ್ನ ಮೇಲೆ ಮಲಗಿಸುವ ಮೊದಲೇ ಹೋದಳು, ಮಗನ ಕಡೆ ಮುಖ ಮಾಡಿ.